ಮೊದಲು ತೇಲೋದು ಕಲೀರಿ, ಆಮೇಲೆ ಕ್ಯಾಮೆರಾ

"ಅಂಡಮಾನಿಗೆ ಹೊರಟಿದೀನಿ, ಸ್ಕೂಬಾ ಮಾಡ್ತೀನಿ, ನೀರೊಳಗೆ ಫೋಟೋ ತೆಗೆಯೋಕೆ ಯಾವ ಕ್ಯಾಮೆರಾ ತಗೊಳ್ಲಿ?" ಈ ಪ್ರಶ್ನೆಯನ್ನ ಕಳೆದೊಂದು ವರ್ಷದಲ್ಲಿ ನಾಲ್ಕು ಜನ ಕೇಳಿದ್ದಾರೆ. ನಾಲ್ವರಿಗೂ ನಾನು ಕೊಟ್ಟಿದ್ದು ಒಂದೇ ಉತ್ತರ: ಯಾವುದೂ ಬೇಡ, ಈ ಸಲ ಬರಿಗೈಯಲ್ಲಿ ಇಳಿದು ಬಾ. ಮೂರು ಜನ ನಕ್ಕು ಸುಮ್ಮನಾದರು. ಒಬ್ಬನಿಗೆ ಸಿಟ್ಟೇ ಬಂತು. "ನಿನ್ನ ಹತ್ರ ಒಂದಿದೆ, ಅದಕ್ಕೆ ಹಿಂಗಂತೀಯ" ಅಂದ. ಫೋನಲ್ಲಿ ಹೇಳೋಕೆ ಆಗದೇ ಹೋದದ್ದನ್ನ ಇಲ್ಲಿ ಬರೀತಿದೀನಿ.

ನಾನೇನು ದೊಡ್ಡ ಫೋಟೋಗ್ರಾಫರ್ ಅಲ್ಲ. ತೇಜಸ್ವಿಯವರ ಅಂಡಮಾನ್ ಪ್ರವಾಸಕಥನ ಓದಿ ತಲೆಕೆಡಿಸಿಕೊಂಡವರ ಪೈಕಿ ನಾನೂ ಒಬ್ಬ, ಅಷ್ಟೆ. ಹ್ಯಾವ್‌ಲಾಕ್‌ಗೆ (2018ರಿಂದ ಅದರ ಹೆಸರು ಸ್ವರಾಜ್ ದ್ವೀಪ, ಆದ್ರೆ ದೋಣಿಯವರೆಲ್ಲ ಇನ್ನೂ ಹ್ಯಾವ್‌ಲಾಕ್ ಅಂತಲೇ ಅಂತಾರೆ) ಮತ್ತೆ ಮತ್ತೆ ಹೋಗ್ತೀನಿ. ರಜೆ ಸಿಗದ ವರ್ಷ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ.

ನೀರೊಳಗಿನ ಫೋಟೋ ವಿದ್ಯೆಯಲ್ಲಿ ಮುಕ್ಕಾಲು ಪಾಲು ಒಂದೇ ಮಾತಿನಲ್ಲಿದೆ: ಹತ್ತಿರ ಹೋಗು. ಇದು ಗಾಳಿಯಲ್ಲಿ ಹಕ್ಕಿ ಫೋಟೋ ತೆಗೆದ ಹಾಗಲ್ಲ. ನೀರು ಬೆಳಕನ್ನ ತಿನ್ನುತ್ತೆ, ಅದೂ ಎಲ್ಲ ಬಣ್ಣವನ್ನ ಸಮನಾಗಿ ಅಲ್ಲ. ಐದು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಹೆಚ್ಚುಕಮ್ಮಿ ಮಾಯ. ಇನ್ನೂ ಕೆಳಗೆ ಕಿತ್ತಳೆ, ಆಮೇಲೆ ಹಳದಿ. ಉಳಿಯೋದು ನೀಲಿ, ಹಸಿರು. ಎಂಟು ಸಾವಿರದ ಕ್ಯಾಮೆರಾ ಆದರೂ ಎಂಬತ್ತು ಸಾವಿರದ್ದಾದರೂ ನಾಲ್ಕು ಮೀಟರ್ ದೂರದಿಂದ ತೆಗೆದ ಹವಳ ನೀಲಿ ಗಂಜಿಯಲ್ಲಿ ಅದ್ದಿದ ಹಾಗೇ ಕಾಣೋದು. ಫ್ಲಾಶ್ ಹಾಕಿದ್ರೆ ಬಣ್ಣ ವಾಪಸ್ ಬರುತ್ತೆ, ನಿಜ. ಆದ್ರೆ ಆ ಬೆಳಕೂ ಹೋಗಿ ಬರುವ ದಾರಿಯಲ್ಲಿ ಅದೇ ಸುಂಕ ಕಟ್ಟಬೇಕಲ್ಲ. ಜೊತೆಗೆ ಮಧ್ಯೆ ತೇಲುವ ಕಸಕಡ್ಡಿಯೆಲ್ಲ ಹೊಳೆದು, ಫೋಟೋ ತುಂಬ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕಿ. ನೇತ್ರಾಣಿಯ ಹಸಿರು ನೀರಲ್ಲಿ ಇದು ಇನ್ನೂ ಜಾಸ್ತಿ.

ಈ ಬಣ್ಣದ ತಲೆನೋವು ಹಳೇದು. 1926ರಲ್ಲಿ ಅಮೆರಿಕದ ಡ್ರೈ ಟಾರ್ಟುಗಾಸ್ ದ್ವೀಪಗಳ ಹತ್ತಿರ ಲಾಂಗ್ಲಿ ಅನ್ನುವ ವಿಜ್ಞಾನಿ ಮತ್ತು ಮಾರ್ಟಿನ್ ಅನ್ನುವ ಫೋಟೋಗ್ರಾಫರ್ ಸೇರಿ ಸಮುದ್ರದೊಳಗಿನ ಮೊದಲ ಬಣ್ಣದ ಫೋಟೋಗಳನ್ನ ತೆಗೆದರು. ಬೆಳಕು ಸಾಲದೆ ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಇಟ್ಟು ಸಿಡಿಸುತ್ತಿದ್ದರಂತೆ! ನಮಗೆ ಆ ಕಷ್ಟ ಇಲ್ಲ, ಆದ್ರೆ ನೀರು ಅದೇ ನೀರು. ಒಂದು ಮೀಟರಿನೊಳಗೆ, ಆದರೆ ಅರ್ಧ ಮೀಟರಿಗೆ ಹೋಗಬೇಕು.

ಈಗ ನೋಡಿ ತಮಾಷೆ. ಹವಳದಿಂದ ಅರ್ಧ ಮೀಟರ್ ದೂರದಲ್ಲಿ, ಏನನ್ನೂ ಮುಟ್ಟದೆ, ಕೈ ಆಡಿಸದೆ, ನಿಂತಲ್ಲೇ ನಿಲ್ಲಬೇಕು. ಹೊಸಬರಲ್ಲಿ ಎಷ್ಟು ಜನಕ್ಕೆ ಅದು ಬರುತ್ತೆ? ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಮೇಲೆ ಜಾಕೆಟ್ಟಿಗೆ ತುಂಬಿದ ಗಾಳಿ ಅಲ್ಲಿ ಅರ್ಧಕ್ಕೆ ಕುಗ್ಗಿರುತ್ತೆ. ಅದನ್ನ ಸರಿತೂಗಿಸಿದ ಮೇಲೂ ಸಣ್ಣ ಏರಿಳಿತವೆಲ್ಲ ಶ್ವಾಸಕೋಶದ ಕೆಲಸ. ಉಸಿರು ಒಳಗೆಳೆದರೆ ಏರ್ತೀರ, ಬಿಟ್ಟರೆ ಇಳೀತೀರ. ಅದೂ ತಕ್ಷಣ ಅಲ್ಲ, ಒಂದೆರಡು ಕ್ಷಣ ತಡವಾಗಿ. ಸೈಕಲ್ ಕಲಿತ ಹಾಗೇ ಇದು, ಓದಿ ಬರೋದಲ್ಲ. ಕಾಲು ಸೈಕಲ್ ತುಳಿದ ಹಾಗೆ ಬಡಿಯೋದು ಬಿಟ್ಟು ಕಪ್ಪೆಯ ಹಾಗೆ ಹಿಂದಕ್ಕೆ ತಳ್ಳೋದನ್ನ ಕಲಿಯಬೇಕು. ಇಲ್ಲದಿದ್ರೆ ಕೆಳಗಿನ ಮರಳೆಲ್ಲ ಎದ್ದು ನಿಮ್ಮ ಫೋಟೋನೂ ಹಾಳು, ಹಿಂದೆ ಬರುವವನದ್ದೂ ಹಾಳು.

ತೇಲಲು ಬಾರದವನ ಕೈಗೆ ಕ್ಯಾಮೆರಾ ಕೊಟ್ಟರೆ ಏನಾಗುತ್ತೆ ಅಂತ ಹ್ಯಾವ್‌ಲಾಕ್‌ನಲ್ಲಿ ಬೇಕಾದಷ್ಟು ಸಲ ನೋಡಿದೀನಿ. ಪುಣ್ಯಾತ್ಮ ಪರದೆಯನ್ನೇ ನೋಡ್ತಿರ್ತಾನೆ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈ ಹವಳದ ಮೇಲೆ, ಮೊಣಕಾಲೂ ಅದರ ಮೇಲೇ. ಹಿಂದೆ ಅವನ ಫಿನ್ನು ಜಿಂಕೆಕೊಂಬಿನ ಹವಳವನ್ನ ಪಟಪಟ ಮುರೀತಿರುತ್ತೆ, ಅವನಿಗೆ ಗೊತ್ತೂ ಆಗೋದಿಲ್ಲ. ಆ ಜಾತಿಯಾದ್ರೂ ವರ್ಷಕ್ಕೆ ಹತ್ತು ಸೆಂಟಿಮೀಟರ್ ಬೆಳೆಯಬಲ್ಲದು, ಗುಂಡು ಬಂಡೆಯಂಥ ಹವಳ ಬೆಳೆಯೋದು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ನಿಮ್ಮ ಎತ್ತರದ ಹವಳ ಅಂದ್ರೆ ನಿಮ್ಮ ಮುತ್ತಜ್ಜನಿಗಿಂತ ಹಳೇದು. ಅದು ಕಲ್ಲಲ್ಲ ಮಾರಾಯ್ರೇ, ಪ್ರಾಣಿ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಮೊದಲನೇ ಅನುಸೂಚಿಯಲ್ಲೇ ಹವಳವೂ ಇದೆ. ಬಂಡೀಪುರದಲ್ಲಿ ಹುಲಿಯ ಮೇಲೆ ಮಂಡಿಯೂರಿ ಫೋಟೋ ತೆಗೀತೀವಾ? :-)

ಇದು ನನ್ನೊಬ್ಬನ ಗೊಣಗಾಟ ಅಲ್ಲ. ಕೆರಿಬಿಯನ್ನಿನ ಸೇಂಟ್ ಲೂಸಿಯಾ ದ್ವೀಪದಲ್ಲಿ ಡೈವರುಗಳ ಹಿಂದೆಯೇ ಈಜಿ ಲೆಕ್ಕ ಹಾಕಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯ್ತು. ಕ್ಯಾಮೆರಾ ಹಿಡಿದವರು ಹಿಡಿಯದವರಿಗಿಂತ ಹೆಚ್ಚು ಸಲ ಹವಳ ಮುಟ್ಟುತ್ತಿದ್ದರು. ದೋಣಿಯಲ್ಲಿ "ದಯವಿಟ್ಟು ಮುಟ್ಟಬೇಡಿ" ಅಂತ ಒಂದು ಮಾತು ಹೇಳಿದ್ದರಿಂದ ಏನೂ ಪ್ರಯೋಜನ ಆಗಲಿಲ್ಲ. ಗೈಡ್ ನೀರೊಳಗೇ ತಡೆದಾಗ ಮಾತ್ರ ಕಡಿಮೆಯಾಯ್ತು.

ಆದ್ರೆ ನಮ್ಮಲ್ಲಿ ಕೆಲವು ಗೈಡುಗಳೇ ಬೇರೆ ತರ. ಒಂದು ಸಲ ನಮ್ಮ ಗೈಡ್ ಪಫರ್ ಮೀನೊಂದನ್ನ ಕೆಣಕಿ ಕೆಣಕಿ ಚೆಂಡಿನ ಹಾಗೆ ಊದಿಸಿ, ಎಲ್ಲರಿಗೂ ಫೋಟೋ ತೆಗೀರಿ ಅಂತ ಸನ್ನೆ ಮಾಡಿದ. ಆ ಮೀನು ಊದೋದು ಜೀವಭಯಕ್ಕೆ. ಅಂಥ ಫೋಟೋ ನೂರು ಲೈಕ್ ತಂದ್ರೂ ನನ್ನ ಲೆಕ್ಕದಲ್ಲಿ ಅದು ಫೋಟೋ ಅಲ್ಲ, ಸಾಕ್ಷ್ಯ.

ನಿಮ್ಮ ಜೀವದ ಮಾತೂ ಇದೆ. ಫೋಟೋ ಅಲುಗಬಾರದು ಅಂತ ಉಸಿರು ಬಿಗಿಹಿಡಿಯೋರನ್ನ ನೋಡಿದೀನಿ. ಸ್ಕೂಬಾದ ಮೊದಲ ಪಾಠವೇ ಉಸಿರು ಹಿಡಿಯಬೇಡ ಅನ್ನೋದು. ತುಂಬಿದ ಶ್ವಾಸಕೋಶ ಇಟ್ಟುಕೊಂಡು ಮೇಲೇರಿದ್ರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿದುಬಿಡಬಹುದು. ಮತ್ತೆ ಗಾಳಿಯ ಮೀಟರ್ ನೋಡೋದು ಯಾರು? ಜೊತೆಗಾರ ಎಲ್ಲಿದಾನೆ ಅಂತ ನೋಡೋದು ಯಾರು?

"ತೆಗೀದೇ ಕಲಿಯೋದು ಹೇಗೆ?" ಅಂತೀರ. ತೆಗೀರಿ, ಆದ್ರೆ ಈಜುಕೊಳದಲ್ಲಿ ತೆಗೀರಿ. ತಳದಲ್ಲಿ ಮಕ್ಕಳ ಆಟಿಕೆ ಒಂದಿಟ್ಟು ಅದರ ಮುಂದೆ ಅಲುಗದೆ ತೇಲ್ತಾ ಇಪ್ಪತ್ತು ಫೋಟೋ ತೆಗೀರಿ. ಕ್ಯಾಮೆರಾದ ಗುಂಡಿಗಳನ್ನೆಲ್ಲ ಮನೆಯಲ್ಲೇ, ಹೌಸಿಂಗ್ ಒಳಗೆ ಹಾಕಿಕೊಂಡೇ, ಕತ್ತಲಲ್ಲಿ ಒತ್ತಿ ಕಲೀರಿ. ಸಮುದ್ರಕ್ಕೆ ಹೋದ್ಮೇಲೂ ಮೊದಲು ಬರೀ ಮರಳಿರುವ ಜಾಗ. ಅಲ್ಲಿ ಚಿಪ್ಪಿದೆ, ಸೀಗಡಿ ಇದೆ, ಸಾಕಷ್ಟು ಸರಕಿದೆ. ನನ್ನ ಲೆಕ್ಕ ಇಪ್ಪತ್ತೈದು ಡೈವ್ ಬರಿಗೈಯಲ್ಲಿ. ಜಾಸ್ತಿ ಆಯ್ತು ಅನ್ನೋರು ಹದಿನೈದು ಮಾಡಿ, ಜಗಳ ಇಲ್ಲ.

ಬರಿಗೈ ಡೈವಿನಿಂದ ಇನ್ನೊಂದು ಲಾಭ, ನೋಡೋದು ಬರುತ್ತೆ. ಅನಿಮನಿಯೊಳಗೆ ಮನೆ ಮಾಡುವ ಕ್ಲೌನ್ ಮೀನನ್ನೇ ತಗೊಳ್ಳಿ. ನೀವು ಹೋದ ತಕ್ಷಣ ಒಳಗೆ ನುಗ್ಗುತ್ತೆ. ಎರಡು ನಿಮಿಷ ಸುಮ್ಮನೆ ತೇಲ್ತಾ ನಿಂತರೆ ದೊಡ್ಡದು ಮೊದಲು ಹೊರಗೆ ಬಂದು ನಿಮ್ಮನ್ನೇ ಗದರಿಸುತ್ತೆ. ಅದು ಹೆಣ್ಣು. (ಅವೆಲ್ಲ ಗಂಡಾಗಿಯೇ ಬೆಳೆದು, ಗುಂಪಿನಲ್ಲಿ ದೊಡ್ಡದು ಮಾತ್ರ ಹೆಣ್ಣಾಗೋದು.) ಸ್ವಲ್ಪ ಹೊತ್ತು ನೋಡಿದ್ರೆ ಅದರ ಓಡಾಟಕ್ಕೆ ಒಂದು ಲಯ ಇದೆ ಅಂತ ಗೊತ್ತಾಗುತ್ತೆ, ಪ್ರತಿ ಸಲ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬಂದು ತಿರುಗುತ್ತೆ. ಕ್ಯಾಮೆರಾನ ಆ ಜಾಗಕ್ಕೆ ಹೊಂದಿಸಿ ಕಾಯಬೇಕು, ಮೀನಿನ ಹಿಂದೆ ಓಡಬಾರದು. ಅದರ ಕಣ್ಣಿನ ಮಟ್ಟಕ್ಕೆ ಇಳಿದು, ಸ್ವಲ್ಪ ಮೇಲ್ಮುಖವಾಗಿ ತೆಗೆದ್ರೆ ಹಿಂದೆ ನೀಲಿ ನೀರು ಸಿಗುತ್ತೆ. ಮೇಲಿನಿಂದ ತೆಗೆದ್ರೆ ಸಿಗೋದು ಮೀನಿನ ಬೆನ್ನು, ಮೀನು ಮಾರ್ಕೆಟ್ಟಿನಲ್ಲಿ ಕಂಡ ಹಾಗೆ.

ಹಿಂದೆ ನಿಕೊನೋಸ್ ಕ್ಯಾಮೆರಾ ಹಿಡಿದು ಇಳಿಯುತ್ತಿದ್ದವರಿಗೆ ಒಂದು ಡೈವಿಗೆ ಸಿಗ್ತಿದ್ದದ್ದು 36 ಫೋಟೋ. ನೀರೊಳಗೆ ರೋಲ್ ಬದಲಿಸೋ ಹಾಗಿಲ್ಲ. ಈಗ ಒಂದೇ ಡೈವಿನಲ್ಲಿ ನಾನೂರು ತೆಗೆದು ಬರೋರನ್ನ ನೋಡಿದಾಗ 36ರ ಮಿತಿಯೇ ಒಳ್ಳೇದಿತ್ತು ಅನ್ಸುತ್ತೆ.

ಫೋಟೋನೇ ಬೇಡ ಅಂತ ನಾನು ಹೇಳ್ತಿಲ್ಲ. 2010ರಲ್ಲಿ ಅಂಡಮಾನಿನ ಹವಳಗಳು ಬಿಸಿ ನೀರಿಗೆ ಬೆಳ್ಳಗಾದಾಗ, 2024ರಲ್ಲಿ ಲಕ್ಷದ್ವೀಪದ್ದು ಬೆಳ್ಳಗಾದಾಗ, ದಡದಲ್ಲಿ ಕೂತವರಿಗೆ ಅದು ಗೊತ್ತಾಗಿದ್ದೇ ಫೋಟೋಗಳಿಂದ. ನಾನೂ ಪ್ರತಿ ಸಲ ಹೋದಾಗ ಒಂದೇ ಗುಂಡು ಹವಳದ ಫೋಟೋನ ಒಂದೇ ಕೋನದಿಂದ ತೆಗೆದಿಟ್ಟುಕೊಳ್ತೀನಿ. ಅದಕ್ಕೆ ಲೈಕ್ ಬರೋದಿಲ್ಲ, ಸುಂದರವಾಗಿಯೂ ಇಲ್ಲ. ಆದ್ರೆ ಮುಂದೆ ಯಾರಾದ್ರೂ "ಮೊದಲು ಹೇಗಿತ್ತು?" ಅಂದ್ರೆ ತೋರಿಸೋಕೆ ಇರುತ್ತೆ.

ಒಂದು ವಿಷಯ ಮಾತ್ರ ನನಗಿನ್ನೂ ಇತ್ಯರ್ಥ ಆಗಿಲ್ಲ. ಸಣ್ಣ ಲೋಹದ ಕಡ್ಡಿಯನ್ನ ಸತ್ತ ಕಲ್ಲಿಗೋ ಮರಳಿಗೋ ಊರಿ, ಅದರ ಆಸರೆಯಲ್ಲಿ ನಿಂತು ಫೋಟೋ ತೆಗೀತಾರಲ್ಲ, ಅದು ಸರೀನಾ? ಕೈ ಊರೋದಕ್ಕಿಂತ ವಾಸಿ ಅಂತಾರೆ. ಆದ್ರೆ ಅದೇ ಕಡ್ಡಿಯಿಂದ ಮೀನನ್ನ ತಿವಿಯೋರೂ ಇದಾರೆ. ನಿಮ್ಮಲ್ಲಿ ಡೈವ್ ಮಾಡೋರು ಯಾರಾದ್ರೂ ಇದ್ರೆ ಹೇಳಿ, ನೀವು ಒಯ್ತೀರಾ?