‘ಅಲೆಮಾರಿ’ ಎಂದು ಬರೆಸುವ ಮುನ್ನ

ಪ್ರಾಣಿಗಳ ವಲಸೆ ಪಾಠದಲ್ಲಿ ಕ್ಯಾರಿಬೂ ಎಂಬ ಹಿಮಸಾರಂಗದ ಹೆಸರು ಹೇಳಿ ಮುಂದೆ ಹೋಗುತ್ತೇವೆ. ಅದನ್ನೇ ನಂಬಿ ಬದುಕಿದ ಕೆನಡಾದ ಚಿಪೆವಯಾನ್ ಜನರನ್ನೂ ಆ ಪಾಠಕ್ಕೆ ಸೇರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಹಡ್ಸನ್ ಕೊಲ್ಲಿಯ ಪಶ್ಚಿಮದ ಕಾಡುಗಳಲ್ಲಿ ಚಳಿಗಾಲ ಕಳೆಯುವ ಹಿಂಡುಗಳು ವಸಂತದಲ್ಲಿ ಮರಿ ಹಾಕಲು ಉತ್ತರದ ಟಂಡ್ರಾಕ್ಕೆ ಹೊರಡುತ್ತವೆ. ದಾರಿ ಪ್ರತಿವರ್ಷ ಒಂದೇ ಇರುವುದಿಲ್ಲ. ಆದ್ದರಿಂದ ಚಿಪೆವಯಾನರು ನೆಲವನ್ನು ಮನೆಮನೆಗೆ ಗಡಿ ಹಾಕಿ ಹಂಚಿಕೊಳ್ಳಲಿಲ್ಲ. ಸಣ್ಣ ಗುಂಪುಗಳಾಗಿ ಕಾಡಿನಂಚಿನುದ್ದಕ್ಕೂ ಹರಡಿಕೊಂಡರು; ಹಿಂಡು ಕಂಡವರು ನೆಂಟರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ತಂದೆಯ ಕಡೆಯ, ತಾಯಿಯ ಕಡೆಯ ಅಥವಾ ಮದುವೆಯ ನಂಟು ಹಿಡಿದು ಬೇರೆ ಗುಂಪು ಸೇರಬಹುದಿತ್ತು. ಹಿಂಡನ್ನು ದೊಡ್ಡಿಗೆ ಅಟ್ಟಲು, ನದಿ ದಾಟುವಲ್ಲಿ ಈಟಿಯಿಂದ ಹೊಡೆಯಲು ಹಲವರು ಕೂಡುತ್ತಿದ್ದರು. ನುರಿತ ಬೇಟೆಗಾರನ ಮಾತಿಗೆ ಬೆಲೆಯಿತ್ತು, ಕಟ್ಟುಪಾಡಿರಲಿಲ್ಲ. 1771ರಲ್ಲಿ ಇಂಗ್ಲಿಷ್ ಅನ್ವೇಷಕ ಸ್ಯಾಮ್ಯುಯೆಲ್ ಹರ್ನ್ ಕಾಪರ್‌ಮೈನ್ ನದಿಯ ಮುಖ ತಲುಪಿದ್ದು ಚಿಪೆವಯಾನ್ ನಾಯಕ ಮಟೊನಾಬಿ ತೋರಿದ ದಾರಿಯಲ್ಲಿ.

ಇದನ್ನು ‘ಗೊತ್ತುಗುರಿಯಿಲ್ಲದ ಅಲೆದಾಟ’ ಎಂದು ಕಪ್ಪುಹಲಗೆಯ ಮೇಲೆ ಬರೆಯುವುದು ವಿಜ್ಞಾನವಲ್ಲ. ನಮ್ಮ ತರಗತಿಯಲ್ಲೂ ಕುರಿಹಿಂಡಿನೊಂದಿಗೆ ಊರೂರು ತಿರುಗುವ ಮನೆಯ ಮಗು ಕೂತಿರಬಹುದು. ಆ ಮಾತು ಅದಕ್ಕೂ ತಾಗುತ್ತದೆ. ಪಾಠಯೋಜನೆಯಲ್ಲಿ ಎರಡು ಋತುಗಳ ನಕ್ಷೆ ಬರೆಸಿ, ಒಂದು ಪ್ರಶ್ನೆ ಕೇಳೋಣ: ಈ ವರ್ಷ ಹಿಂಡು ಬೇರೆ ದಾರಿ ಹಿಡಿದರೆ ನೀವು ಯಾರ ಬಳಿ ಹೋಗುತ್ತೀರಿ?