ಪರಿಹಾರ ಕೇಳುವುದು ದುರಾಸೆಯಲ್ಲ

ರಸ್ತೆ ಅಪಘಾತದಲ್ಲಿ ಯಾರಾದರೂ ತೀರಿಕೊಂಡರೆ ನಮ್ಮ ಕಾಸರಗೋಡು ಕಡೆಯ ಚರ್ಚುಗಳಲ್ಲಿ ಜನ ಸೇರುವುದಕ್ಕೆ ಕೊರತೆಯಿಲ್ಲ. ವಾರ್ಡಿನವರು ಓಡಿ ಬರುತ್ತಾರೆ, ಪ್ರಾರ್ಥನೆ ನಡೆಯುತ್ತದೆ, ಏಳನೆಯ ದಿನದ ಪೂಜೆಯೂ ಆಗುತ್ತದೆ. ಪರಿಹಾರದ ಮಾತು ಬಂದಾಗ ಮಾತ್ರ ನಾವೆಲ್ಲ ತಲೆ ತಗ್ಗಿಸುತ್ತೇವೆ. ಹೋದ ಜೀವಕ್ಕೆ ಬೆಲೆ ಕಟ್ಟುವುದೇ ಎಂದು ಕೇಳುವವರೂ ಇದ್ದಾರೆ.

ಜೀವಕ್ಕೆ ಬೆಲೆ ಕಟ್ಟಲು ಯಾರಿಂದಲೂ ಆಗದು. ಕಾನೂನು ಮುಖ್ಯವಾಗಿ ನೋಡುವುದು, ಆ ವ್ಯಕ್ತಿ ಬದುಕಿದ್ದರೆ ಮನೆಗೆ ಏನು ತರುತ್ತಿದ್ದರು ಎಂಬುದನ್ನು. ಮಕ್ಕಳ ಫೀಸು, ಅಮ್ಮನ ಔಷಧಿ, ಸಾಲದ ಕಂತು ಎಲ್ಲ ಅದರಲ್ಲೇ ನಡೆಯುತ್ತಿತ್ತು. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಲೆಕ್ಕವಿದೆಯೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗೂ ಆ ಅಗಲಿಕೆಗಾಗಿ ಪರಿಹಾರ ಸಲ್ಲಬೇಕೆಂದು 2018ರಲ್ಲೇ ತೀರ್ಪಾಗಿದೆ.

ಗಡಿಯಲ್ಲಿರುವ ನಮಗೆ ಇನ್ನೊಂದು ಮಾತು ತಿಳಿದಿರಬೇಕು. ಕೆಲಸಕ್ಕೆ, ಕಾಲೇಜಿಗೆ, ಆಸ್ಪತ್ರೆಗೆ ನಾವು ತಲಪಾಡಿ ದಾಟಿ ಮಂಗಳೂರಿಗೆ ಹೋಗುವವರು. ಅಲ್ಲಿ ಅಪಘಾತವಾದರೆ ಕೇಸಿಗೂ ಅಲ್ಲಿಗೇ ಅಲೆಯಬೇಕೆಂದು ಕೈಬಿಡುವವರಿದ್ದಾರೆ. ಹಾಗೇನಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 166ನೇ ಸೆಕ್ಷನ್ ಪ್ರಕಾರ ಅರ್ಜಿದಾರರು ತಾವು ವಾಸಿಸುವ ಕಡೆಯ ನ್ಯಾಯಮಂಡಳಿಗೂ ಹೋಗಬಹುದು. ಮಂಜೇಶ್ವರದ ಕುಟುಂಬ ಕಾಸರಗೋಡಿನಲ್ಲೇ ಅರ್ಜಿ ಹಾಕಬಹುದು.

ಕಾಯಿದೆಯಲ್ಲಿರುವ ಗಡುವು ಆರು ತಿಂಗಳು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ ನಿಜ, ಆದರೆ ಅದನ್ನೇ ನಂಬಿ ಸುಮ್ಮನೆ ಕೂರಬಾರದು. ಗುದ್ದಿದ ವಾಹನ ಸಿಗದೇ ಹೋದರೂ ಸಾವಿಗೆ 2 ಲಕ್ಷ ರೂಪಾಯಿಯ ಸರಕಾರಿ ಯೋಜನೆ ಇದೆ. ತಪ್ಪು ಯಾರದೆಂದು ಸಾಬೀತು ಮಾಡದೆಯೇ 5 ಲಕ್ಷ ಸಿಗುವ 164ನೇ ಸೆಕ್ಷನ್ನಿನ ದಾರಿಯೂ ಇದೆ. ಆದರೆ ಎಚ್ಚರ: ಆ ದಾರಿಯಲ್ಲಿ ವಿಮಾ ಕಂಪೆನಿ ಕೊಡುವ ಹಣವನ್ನು ಒಪ್ಪಿಕೊಂಡರೆ, ಹೆಚ್ಚಿನ ಪರಿಹಾರಕ್ಕೆ ನ್ಯಾಯಮಂಡಳಿಯಲ್ಲಿ ಹಾಕಿದ ಅರ್ಜಿ ಬಿದ್ದುಹೋಗುತ್ತದೆ. ದುಡಿಯುವ ಪ್ರಾಯದವರು ಹೋದ ಮನೆಗೆ ಇದು ದೊಡ್ಡ ನಷ್ಟವಾಗಬಹುದು.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಬಂದ ಹಣದಲ್ಲಿ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡುವುದು ವಕೀಲರ ವೃತ್ತಿ ನಿಯಮಕ್ಕೇ ವಿರುದ್ಧ.

ಪ್ರಿಯ ಯುವಜನರೇ, ಇಲ್ಲಿ ನಮ್ಮ ಕೆಲಸವಿದೆ. ದುಃಖದಲ್ಲಿರುವ ಮನೆಯವರಿಗೆ ಕಾಗದಪತ್ರ ಹುಡುಕುವ ಶಕ್ತಿ ಇರುವುದಿಲ್ಲ. ಎಫ್‌ಐಆರ್, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ವಾಹನದ ವಿಮೆಯ ವಿವರ, ಆದಾಯ ಮತ್ತು ವಯಸ್ಸಿನ ದಾಖಲೆ ಇವನ್ನು ಒಂದು ಫೈಲಿನಲ್ಲಿ ಸೇರಿಸಿಕೊಡೋಣ. ನಮ್ಮಲ್ಲಿ ಎಷ್ಟೋ ಕಾಗದಗಳು ಮಲಯಾಳದಲ್ಲಿರುತ್ತವೆ. ಕನ್ನಡ ಮಾತ್ರ ಓದಬಲ್ಲ ಹಿರಿಯರು ಅರ್ಥವಾಗದೆ ಸಹಿ ಹಾಕುವಂತಾಗಬಾರದು. ಯಾರೋ ರಾಜಿ ಪತ್ರ ಹಿಡಿದು ಬಂದರೆ, ನಾವು ಪಕ್ಕದಲ್ಲಿ ಕುಳಿತು ಪೂರ್ತಿ ಓದಿ ಹೇಳಿದ ಮೇಲೆಯೇ ಪೆನ್ನು ಹಿಡಿಯಲಿ.

ಪ್ರತಿ ವಾರ್ಡಿನಲ್ಲಿ ಇಷ್ಟು ತಿಳಿದ ಇಬ್ಬರಾದರೂ ಇರಲಿ. ಮುಂದಿನ ಸಭೆಯಲ್ಲೇ ಗುರಿಕಾರರೊಂದಿಗೆ ಮಾತಾಡಿ ಹೆಸರು ಗೊತ್ತುಮಾಡೋಣ.