ಎಚ್‌ಪಿ ಕೇಳ್ತೀವಿ, ಕೊಂಡಿ ಕೇಳಲ್ಲ

ಕಂಪ್ಲಿ ಕಡೆ ಟ್ರ್ಯಾಕ್ಟರ್ ಕೊಳ್ಳೋರು ಮೊದಲು ಕೇಳೋದು ಎಷ್ಟು ಎಚ್‌ಪಿ ಅಂತ. ಆಮೇಲೆ ಡೀಸೆಲ್ ಎಷ್ಟು ಕುಡಿಯುತ್ತೆ, ಸಾಲ ಎಷ್ಟು ಸಿಗುತ್ತೆ. ಟ್ರಾಲಿ ಮಾಡಿಸುವಾಗ ಎಷ್ಟು ಉದ್ದ, ಎಷ್ಟು ಎತ್ತರ, ಯಾವ ಬಣ್ಣ, ಹಿಂದೆ ಯಾವ ದೇವರ ಹೆಸರು ಬರೆಸಬೇಕು ಅನ್ನೋ ತನಕ ಚರ್ಚೆ ನಡೆಯುತ್ತೆ. ಆದರೆ ಇವೆರಡನ್ನೂ ಸೇರಿಸೋ ಕೊಂಡಿ ಹೇಗಿರಬೇಕು ಅಂತ ಯಾರೂ ಕೇಳಲ್ಲ. ಒಂದು ಕವೆ, ಒಂದು ಬಳೆ, ನಡುವೆ ಒಂದು ಪಿನ್ನು, ಮುಗೀತು. ಪಿನ್ನು ಕಳೆದುಹೋದ್ರೆ ಕೈಗೆ ಸಿಕ್ಕ ಹಳೇ ಬೋಲ್ಟು.

ಗದ್ದೆಗೆ ಇಳಿಯೋ ಟ್ರಾಲಿಗೆ ಮೂರೂ ರೀತಿ ಹೊರಳುವ ಕೊಂಡಿ ಬೇಕು ಅನ್ನೋದು ನಮ್ಮ ವಾದ. ಅದನ್ನ ಅಳೆದು, ಮಾಡಿ ತೋರಿಸೋ ಕೆಲಸ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳದ್ದು.

ಆಫ್‌ರೋಡ್ ಅಂದ ತಕ್ಷಣ ನಮಗೆಲ್ಲ ರೀಲ್ಸ್‌ನಲ್ಲಿ ಕೆಸರು ಹಾರಿಸೋ ಥಾರ್ ನೆನಪಾಗುತ್ತೆ. ನಿಜವಾದ ಆಫ್‌ರೋಡ್ ನೋಡಬೇಕು ಅಂದ್ರೆ ಕೊಯ್ಲಿನ ಹೊತ್ತಿಗೆ ರಾಮಸಾಗರಕ್ಕೋ ಎಮ್ಮಿಗನೂರಿಗೋ ಹೋಗಬೇಕು. ತುಂಗಭದ್ರೆಯಿಂದ ಹೊರಡುವ ವಿಜಯನಗರ ಕಾಲದ ಕಾಲುವೆಗಳು ಈ ಸೀಮೆಗೆ ಇವತ್ತಿಗೂ ನೀರು ಕೊಡುತ್ತಿವೆ. ನೀರು ಇರೋದರಿಂದ ಭತ್ತ, ಕಬ್ಬು, ಬಾಳೆ ಬೆಳೀತಾರೆ. ನೀರು ಇರೋದರಿಂದಲೇ ದಾರಿಯೂ ಹಸಿ. ಬದು ಹತ್ತಬೇಕು, ಕಾಲುವೆ ಏರಿ ಮೇಲೆ ಹೋಗಬೇಕು, ಕಿರಿದಾದ ಮೋರಿ ದಾಟಬೇಕು. ಟಾರ್ ರಸ್ತೆ ಸಿಗೋದು ಆಮೇಲೆ.

ಇಂಥ ದಾರಿಯಲ್ಲಿ ಟ್ರ್ಯಾಕ್ಟರ್‌ಗೂ ಟ್ರಾಲಿಗೂ ನಡುವೆ ಮೂರು ಚಲನೆ ಆಗುತ್ತೆ. ತಿರುವಿನಲ್ಲಿ ಎಡ-ಬಲ ತಿರುಗೋದು ಒಂದು. ಏರು-ಇಳಿಜಾರಿನಲ್ಲಿ ಮೇಲೆ-ಕೆಳಗೆ ಬಾಗೋದು ಎರಡು. ಒಂದು ಗಾಲಿ ಗುಂಡಿಗೆ ಇಳಿದಾಗ ಮಗ್ಗುಲಿಗೆ ಹೊರಳೋದು ಮೂರು. ಸಾಮಾನ್ಯ ಪಿನ್ ಕೊಂಡಿ ಮೊದಲನೆಯದಕ್ಕೆ ಚೆನ್ನಾಗಿ ಒಗ್ಗುತ್ತೆ. ಎರಡನೆಯದನ್ನ ಬಳೆಯ ಸಡಿಲ ಇದ್ದಷ್ಟು ತಡೆದುಕೊಳ್ಳುತ್ತೆ. ಮೂರನೆಯದಕ್ಕೆ ಅದರಲ್ಲಿ ಜಾಗವೇ ಇಲ್ಲ. ಇಲ್ಲಿಯೂ ಅದೇ ಸಡಿಲದ ಮೇಲೆ ಬದುಕಬೇಕು.

ಎಷ್ಟು ಹೊರಳುತ್ತೆ ಅಂತ ಲೆಕ್ಕ ಹಾಕೋಣ. ಎರಡು ಗಾಲಿಗಳ ನಡುವೆ 1.5 ಮೀಟರ್ ಅಂತರ ಇದೆ ಅಂದುಕೊಳ್ಳಿ. ಒಂದು ಗಾಲಿ 20 ಸೆಂ.ಮೀ. ಕೆಳಗಿಳಿದರೆ ಟ್ರಾಲಿ ಹತ್ತಿರ ಹತ್ತಿರ 7.5 ಡಿಗ್ರಿ ವಾಲುತ್ತೆ. ಅದೇ ಹೊತ್ತಿಗೆ ಟ್ರ್ಯಾಕ್ಟರಿನ ಗಾಲಿ ಬದು ಹತ್ತಿ ಆ ಕಡೆಗೆ ಅಷ್ಟೇ ವಾಲಿದರೆ ಎರಡರ ನಡುವೆ 15 ಡಿಗ್ರಿ ವ್ಯತ್ಯಾಸ. ಸಡಿಲ ಮುಗಿದ ಮೇಲೆ ಬಳೆಯ ಅಂಚು ಕವೆಯ ಒಂದು ಬದಿಯನ್ನ ಮೇಲಕ್ಕೆ, ಇನ್ನೊಂದು ಬದಿಯನ್ನ ಕೆಳಕ್ಕೆ ಮೀಟೋಕೆ ಶುರು ಮಾಡುತ್ತೆ. ಎಳೆಯೋಕೆ ಮಾಡಿದ ಕೊಂಡಿ ಆಗ ಹಾರೆಯ ಹಾಗೆ ಕೆಲಸ ಮಾಡುತ್ತೆ.

“ಏನಾಗಲ್ಲ, ಪಿನ್ನು ದಪ್ಪ ಇದೆ” ಅಂತಾರೆ. ಅದನ್ನೂ ನೋಡೋಣ. ಕೊಂಡಿ ಆರಿಸೋಕೆ ಡಿ-ವ್ಯಾಲ್ಯೂ ಅನ್ನೋ ಲೆಕ್ಕ ಇದೆ. ಎರಡೂ ವಾಹನದ ತೂಕವನ್ನ ಟನ್‌ನಲ್ಲಿ ತಗೊಂಡು ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿದರೆ ಉತ್ತರ ಕಿಲೋನ್ಯೂಟನ್‌ನಲ್ಲಿ ಸಿಗುತ್ತೆ. ಟ್ರ್ಯಾಕ್ಟರ್ 2 ಟನ್, ತುಂಬಿದ ಟ್ರಾಲಿ 10 ಟನ್ ಆದ್ರೆ ಸುಮಾರು 16 ಕಿಲೋನ್ಯೂಟನ್. 25 ಮಿ.ಮೀ. ಪಿನ್ನು ಎರಡು ಕಡೆ ಕತ್ತರಿಸಬೇಕು, ಹಾಗಾಗಿ ಒತ್ತಡ 17 ಮೆಗಾಪ್ಯಾಸ್ಕಲ್ ಕೂಡ ದಾಟಲ್ಲ. ಸಾದಾ ಉಕ್ಕಿಗೆ ಇದು ಏನೇನೂ ಅಲ್ಲ. ಅಂದ್ರೆ ಪಿನ್ನು ದಪ್ಪ ಇದೆ ಅನ್ನೋ ಮಾತು ಕಾಗದದ ಮೇಲೆ ಸರಿ. ಆದರೆ ಈ ಲೆಕ್ಕದಲ್ಲಿ ಸವೆದ ತೂತು ಇಲ್ಲ, ಬಳೆ ಮೀಟುವ ಬಲ ಇಲ್ಲ, ದಿನಕ್ಕೆ ನೂರಾರು ಸಲ ಬೀಳೋ ಜಗ್ಗು ಇಲ್ಲ. ಪಿನ್ನು ಕತ್ತರಿಸಿ ಹೋಗೋದಕ್ಕಿಂತ ಬಾಗಿ, ಸವೆದು, ಸಣ್ಣ ಬಿರುಕು ಬಿಟ್ಟು, ಒಂದಿನ ಹೋಗುತ್ತೆ. ಫಟೀಗ್ ಅಂತ ನಾವು ಪರೀಕ್ಷೆಗೆ ಓದೋದು ಇದನ್ನೇ.

ಸಣ್ಣ ಕೊಂಡಿ ಏನು ಮಾಡಬಲ್ಲದು ಅಂತ ನಮ್ಮ ಸೀಮೆಗೆ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ಕೊಂಡಿ ಕಳಚಿ ಗೇಟೇ ಕೊಚ್ಚಿಹೋಯಿತು. 33 ಗೇಟುಗಳ ಅಣೆಕಟ್ಟಿನಲ್ಲಿ ಒಂದು ಚೈನು. ಸ್ಟಾಪ್‌ಲಾಗ್ ಇಳಿಸೋ ತನಕ ತುಂಬಿದ್ದ ನೀರು ಹೊಳೆಗೆ ಹೋಗುತ್ತಿದ್ದರೆ ಭತ್ತ ಹಾಕಿದವರೆಲ್ಲ ನೋಡ್ತಾ ನಿಂತಿದ್ದರು. ಟ್ರಾಲಿಯ ಕೊಂಡಿ ಹೋದರೆ ಪೇಪರಲ್ಲಿ ಎರಡು ಸಾಲು ಬರಬಹುದು. ಆದ್ರೆ ಆ ಟ್ರಾಲಿಯಲ್ಲಿ ನಾಟಿಗೆ ಹೊರಟ ಹೆಣ್ಮಕ್ಕಳು ಕೂತಿರ್ತಾರೆ, ಜಾತ್ರೆಗೆ ಹೊರಟ ಇಡೀ ಮನೆ ಕೂತಿರುತ್ತೆ.

ಹೊರಳುವ ಕೊಂಡಿ ಪರದೇಶದ ಶೋಕಿ ಅಂದುಕೊಳ್ಳಬೇಡಿ. ಎತ್ತಿನ ಬಂಡಿಯ ಮೂಕಿಗೆ ನೊಗವನ್ನ ಮೊಳೆ ಹೊಡೆದು ಕೂರಿಸಲ್ಲ, ಹಗ್ಗದಿಂದ ಕಟ್ಟುತ್ತಾರೆ. ಒಂದು ಎತ್ತು ಬದು ಹತ್ತಿ ಇನ್ನೊಂದು ಕೆಳಗಿದ್ದರೂ ನೊಗ ವಾಲುತ್ತೆ, ಬಂಡಿ ವಾಲಲ್ಲ. ಹಗ್ಗದ ಗಂಟು ಮೂರೂ ರೀತಿ ಬಾಗುತ್ತೆ. ಟ್ರ್ಯಾಕ್ಟರ್ ಬಂದಾಗ ಬಲ ಹೆಚ್ಚಾಯ್ತು, ಈ ಬಾಗುವ ಗುಣ ಹಿಂದೆ ಉಳೀತು.

ಹಾಗಂತ ಆನ್‌ಲೈನ್‌ನಲ್ಲಿ ಕಂಡದ್ದನ್ನ ತರಿಸೋದೂ ಪರಿಹಾರ ಅಲ್ಲ. ಆಸ್ಟ್ರೇಲಿಯಾದ ಕ್ಯಾರವಾನ್‌ನವರು ಮೆಚ್ಚುವ ಡಿಒ35 ಮೂರೂ ರೀತಿ ಹೊರಳುತ್ತೆ, ಆದರೆ ಅದರ ಮಿತಿ 3.5 ಟನ್. ಕಬ್ಬಿನ ಟ್ರಾಲಿಗೆ ಅದು ಆಟಿಕೆ. ನಮಗೆ ಹೊಂದೋದು ಬುಡದಲ್ಲೇ ಸುತ್ತುವ ಬಳೆ. ಐಎಸ್‌ಒ 5692 ಮಾನಕದ ಮೂರನೇ ಭಾಗ ಇರೋದೇ ಈ ಬಳೆಗಾಗಿ. ಆರಿಸುವಾಗ ನೋಡಬೇಕಾದ್ದು ಇಷ್ಟು. ತೂಕ ಕಾಗದದ ತೂಕ ಆಗಬಾರದು, ನಿಜವಾಗಿ ತುಂಬುವ ತೂಕ ಆಗಬೇಕು. ಎರಡು ಗಾಲಿಯ ಟ್ರಾಲಿ ಆದ್ರೆ ಕೊಂಡಿಯ ಮೇಲೆ ಕೆಳಮುಖವಾಗಿ ಬೀಳುವ ಭಾರವನ್ನೂ ಸೇರಿಸಬೇಕು. ಸುತ್ತೋದು ಒಂದೇ ಕಡೆ ಇರಬೇಕು. ಬಳೆಯೂ ಸುತ್ತಿ ಕವೆಯೂ ಸುತ್ತಿದರೆ ಕವೆ ಅಡಿಮೇಲಾಗಿ ಪಿನ್ನು ಜಾರಬಹುದು. ಕೊಂಡಿ ಹಿಂದಿನ ಆಕ್ಸಲ್‌ನ ಮಟ್ಟಕ್ಕಿಂತ ಕೆಳಗಿರಬೇಕು, ಮೇಲಿಂದ ಎಳೆದರೆ ಟ್ರ್ಯಾಕ್ಟರಿನ ಮೂತಿ ಏಳುತ್ತೆ. ಪಿನ್ನಿಗೆ ಲಾಕ್ ಬೇಕು, ಪಕ್ಕದಲ್ಲಿ ಸೇಫ್ಟಿ ಚೈನ್ ಬೇಕು, ಗ್ರೀಸ್ ನಿಪ್ಪಲ್ ಬೇಕು.

ಆಕ್ಷೇಪಗಳು ಇವೆ, ಸುಳ್ಳೇನಲ್ಲ. ಸುತ್ತುವ ಭಾಗ ಅಂದ್ರೆ ಸವೆಯೋ ಭಾಗ ಇನ್ನೊಂದು ಹೆಚ್ಚಾಯ್ತು, ಕೆಸರು ಹೊಕ್ಕರೆ ಹಿಡಿದುಕೊಳ್ಳುತ್ತೆ. ಖರ್ಚೂ ಜಾಸ್ತಿ. ಬುಶ್ ಬದಲಾಯಿಸೋ ಖರ್ಚು ಮುರಿದ ಕವೆಗೆ ವೆಲ್ಡಿಂಗ್ ಮಾಡಿಸಿ, ಕೊಯ್ಲಿನ ದಿನ ಕಳೆದುಕೊಳ್ಳೋದಕ್ಕಿಂತ ಕಡಿಮೆ ಅನ್ನೋದು ನಮ್ಮ ಉತ್ತರ. ಇನ್ನೊಂದು ಮಾತು: ಈ ಕೊಂಡಿ ಟ್ರಾಲಿ ಉರುಳೋದನ್ನ ತಪ್ಪಿಸಲ್ಲ. ಉರುಳಿದಾಗ ಟ್ರ್ಯಾಕ್ಟರನ್ನ ತಿರುಚಿ ಜೊತೆಗೆ ಎಳೆದೊಯ್ಯೋದನ್ನ ತಡೆಯುತ್ತೆ. ಡ್ರೈವರ್ ಪ್ರಾಣದ ಪ್ರಶ್ನೆ ಅಲ್ಲಿದೆ. ಮಿತಿಮೀರಿದ ಲೋಡಿಗೆ, ಬ್ರೇಕ್ ಇಲ್ಲದ ಟ್ರಾಲಿಗೆ ಯಾವ ಕೊಂಡಿಯೂ ಮದ್ದಲ್ಲ.

ಈಗ ನಮ್ಮ ವಿಷಯ. ನೋಟ್ಸ್‌ನಲ್ಲಿ ಹುಕ್ಸ್ ಜಾಯಿಂಟ್ ಚಿತ್ರ ಬರೆದು ಮಾರ್ಕ್ಸ್ ತಗೋತೀವಿ, ಗೇಟಿನ ಹೊರಗೆ ಹೋಗೋ ಟ್ರಾಲಿಯ ಹುಕ್ಕನ್ನ ಬಗ್ಗಿ ನೋಡಲ್ಲ. ಪ್ರಾಜೆಕ್ಟ್ ಬಂದಾಗ ಮತ್ತದೇ ಲೈನ್ ಫಾಲೋವರ್ ರೋಬೋ. ಈ ಸೆಮಿಸ್ಟರ್‌ನಲ್ಲೇ ಒಂದು ಕೆಲಸ ಮಾಡಬಹುದು. ಎರಡು ಫೋನ್ ಸಾಕು. ಒಂದನ್ನ ಟ್ರ್ಯಾಕ್ಟರ್‌ಗೆ, ಇನ್ನೊಂದನ್ನ ಟ್ರಾಲಿಗೆ ಬಿಗಿಯಾಗಿ ಕಟ್ಟಿ, ಸೆನ್ಸರ್ ಆ್ಯಪ್ ಹಾಕಿ, ಗದ್ದೆಯಿಂದ ಟಾರ್ ರಸ್ತೆ ತನಕ ಎರಡರ ವಾಲಿಕೆಯನ್ನ ರೆಕಾರ್ಡ್ ಮಾಡಿ, ಕಳೆದು ನೋಡಿದರೆ ನಮ್ಮ ದಾರಿಗೆ ಎಷ್ಟು ಡಿಗ್ರಿ ಬೇಕು ಅಂತ ಸಿಗುತ್ತೆ. ಆಮೇಲೆ ಊರಿನ ವೆಲ್ಡಿಂಗ್ ಶಾಪಿನವರ ಜೊತೆ ಕೂತು ಮಾದರಿ ಮಾಡೋಣ. ಅವರ ಕೈಗೆ ಗೊತ್ತಿರೋದು ನಮ್ಮ ಪುಸ್ತಕದಲ್ಲಿಲ್ಲ, ನಮ್ಮ ಲೆಕ್ಕ ಅವರ ಹತ್ತಿರ ಇಲ್ಲ. ಅಂತಿಮ ವರ್ಷದ ಅಣ್ಣ-ಅಕ್ಕಂದಿರು ಇದನ್ನೇ ಪ್ರಾಜೆಕ್ಟ್ ಮಾಡಿದರೆ ಕೆಎಸ್‌ಸಿಎಸ್‌ಟಿಯ ವಿದ್ಯಾರ್ಥಿ ಯೋಜನೆಗೆ ಅರ್ಜಿಯನ್ನೂ ಹಾಕಬಹುದು.

ಕಂಪ್ಲಿ, ಹೊಸಪೇಟೆ, ಸಂಡೂರು ಕಡೆಯವರು ನಮ್ಮ ಹಾಸ್ಟೆಲ್‌ನಲ್ಲೇ ಎಷ್ಟೋ ಜನ ಇದ್ದೀವಿ. ಮುಂದಿನ ರಜೆಗೆ ಊರಿಗೆ ಹೋದಾಗ ಮನೆಯ ಅಥವಾ ಪಕ್ಕದ ಮನೆಯ ಟ್ರಾಲಿಯ ಕೊಂಡಿ ನೋಡಿ ಬರೋಣ. ತೂತು ಎಷ್ಟು ಸವೆದಿದೆ, ಪಿನ್ನಿಗೆ ಲಾಕ್ ಇದೆಯಾ, ಚೈನ್ ಇದೆಯಾ? ಫೋಟೋ ತೆಗೆದು, ಅಳತೆ ಬರೆದುಕೊಂಡು ಬನ್ನಿ. ಕೆಲಸ ಅಲ್ಲಿಂದ ಶುರು ಮಾಡೋಣ.